ವೆನಿಸ್‌ನಲ್ಲಿ ನೀರಿಗಾಗಿ ಕಾದು ತೆಗೆದ ಫೋಟೋ: ನನ್ನ ಅನುಭವ

"ಸಮುದ್ರಕ್ಕೆ ಗೇಟು ಹಾಕಿದ್ದಾರೆ. ಸಾನ್ ಮಾರ್ಕೋ ಚೌಕಕ್ಕೆ ಇನ್ನು ಉಬ್ಬರದ ನೀರೇ ಬರಲ್ಲ, ಸುಮ್ನೆ ದುಡ್ಡು ಕಳ್ಕೋತೀಯ." 2023ರ ನವೆಂಬರ್‌ಗೆ ಟಿಕೆಟ್ ಮಾಡಿದಾಗ ಜೊತೆಗೆ ಫೋಟೋ ತೆಗೆಯುವ ಗೆಳೆಯರೆಲ್ಲ ಹೀಗೇ ಹೇಳಿದರು. ನನಗೆ ಬೇಕಿದ್ದದ್ದು ಒಂದೇ ಚಿತ್ರ. ಚೌಕದ ನೀರಿನಲ್ಲಿ ತಲೆಕೆಳಗಾಗಿ ಕಾಣುವ ಬಸಿಲಿಕಾ, ಅಂದರೆ ಅಲ್ಲಿನ ದೊಡ್ಡ ಚರ್ಚು.

2019ರ ಮೇ ತಿಂಗಳಲ್ಲಿ ಒಮ್ಮೆ ಹೋಗಿ ಬರಿಗೈಲಿ ಬಂದಿದ್ದೆ. ಗೊಂಡೋಲಾ ದೋಣಿಯ ಅರ್ಧ ಗಂಟೆಗೆ 80 ಯೂರೋ ಕೊಟ್ಟೆ. ಕುಲುಕಾಟದಲ್ಲಿ ಒಂದು ಫ್ರೇಮೂ ನಿಲ್ಲಲಿಲ್ಲ. ಅದೇ ಕಾಲುವೆ ದಾಟಲು ಎರಡು ಯೂರೋದ ಟ್ರಾಗೆಟ್ಟೋ, ಅಂದರೆ ದಡ ದಾಟಿಸುವ ದೋಣಿ, ಸಾಕಿತ್ತು.

ಈ ಸಲ ಅಮಾವಾಸ್ಯೆಯ ಉಬ್ಬರ ಹಿಡಿಯಲೇಬೇಕಿತ್ತು. ಅದು ದೀಪಾವಳಿ ಅಮಾವಾಸ್ಯೆ. ಹಬ್ಬಕ್ಕೆ ಇರಲ್ಲ ಎಂದಾಗ ಅಮ್ಮ ಎರಡು ದಿನ ಮಾತಾಡಲಿಲ್ಲ.

ನನ್ನ ಲೆಕ್ಕ ಇಷ್ಟೇ. ಉಬ್ಬರ 110 ಸೆಂ.ಮೀ. ಮುಟ್ಟುತ್ತದೆ ಅಂತ ಮುನ್ಸೂಚನೆ ಬಂದರೆ ಗೆಳೆಯರು ಹೇಳಿದ ಆ ಗೇಟುಗಳು (ಹೆಸರು ಮೋಸೆ) ಎದ್ದು ಸಮುದ್ರದ ನೀರು ತಡೆಯುತ್ತವೆ. ಚೌಕದ ತಗ್ಗು ಜಾಗ 80 ದಾಟಿದರೆ ಒದ್ದೆಯಾಗುತ್ತದೆ. ನಡುವೆ ಉಳಿದ ಆ ಅಂತರವೇ ನಮ್ಮದು. 95 ಅಂದರೆ ಸೊಂಟದವರೆಗೆ ನೀರು ಅಂತಲ್ಲ. ಅದು 1897ರಲ್ಲಿ ಗುರುತು ಮಾಡಿದ ಮಟ್ಟದಿಂದ ಎಣಿಸುವ ಅಳತೆ, ಕಾಲಿಗೆ ಸಿಗುವುದು ಒಂದು ಗೇಣೂ ಇಲ್ಲ.

ಮೊದಲ ದಿನ ಗಾಳಿ ತಿರುಗಿತು, ನೀರು ಬರಲೇ ಇಲ್ಲ. ಎರಡನೇ ದಿನ ಉಬ್ಬರ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಹೋದೆ. ಅದೇ ತಪ್ಪಾಯಿತು. ಜನ ಹಾಯ್ದು ಓಡಾಡುತ್ತಿದ್ದರು, ಎಲ್ಲೆಡೆ ಅಲೆ. ಕಾಲಿಗೆ ಕಟ್ಟಿಕೊಳ್ಳಲು ದಾರಿಯಲ್ಲಿ ಕೊಂಡ ಪ್ಲಾಸ್ಟಿಕ್ ಚೀಲ, ಹತ್ತು ಯೂರೋ ಇರಬೇಕು, ಹತ್ತೇ ನಿಮಿಷಕ್ಕೆ ಹರಿಯಿತು. ವೆನಿಸ್ ಪಕ್ಕದ ಮೆಸ್ತ್ರೆಯ ರೂಮಿಗೆ ದಿನಕ್ಕೆ ಸುಮಾರು 60, ಮೂರು ದಿನದ ದೋಣಿ ಪಾಸಿಗೆ 45. ಹೊಟ್ಟೆ ಉರಿಯಿತು.

ಆ ಮಧ್ಯಾಹ್ನ ಬೇಜಾರಿಗೆ ಕನ್ನಾರೆಜೋ ಬಡಾವಣೆ ಕಡೆಯ ಸಣ್ಣ ಕಾಲುವೆ ಪಕ್ಕ ಗಡಿಯಾರ ಹಿಡಿದು ಕೂತೆ. ದೋಣಿ ಹೋದ ಮೇಲೆ ಪ್ರತಿಬಿಂಬ ಮತ್ತೆ ಕೂಡಿಕೊಳ್ಳಲು ಮೂರು ನಾಲ್ಕು ನಿಮಿಷ ಬೇಕು. ಹಾಗಾದರೆ ಬೇಕಾದ್ದು ಜಾಸ್ತಿ ನೀರಲ್ಲ, ಯಾರೂ ತುಳಿಯದ ನೀರು ಅಲ್ವಾ?

ಮೂರನೇ ದಿನ ಉಬ್ಬರದ ತುದಿಗೆ ಎರಡು ಗಂಟೆ ಮೊದಲೇ ಹೋಗಿ ನಿಂತೆ. ಚೌಕಕ್ಕೆ ನೀರು ದಡ ಹತ್ತಿ ಬರುವುದಕ್ಕಿಂತ ಮುಂಚೆ ಕಲ್ಲಿನ ಮೋರಿ ಕಿಂಡಿಗಳಿಂದ ಉಕ್ಕುತ್ತದೆ. ಬೆರಳು ದಪ್ಪದ ಹಾಳೆ ಹಾಸಿದಂತೆ ಹರಡಿತು. ಕನ್ನಡಿಯೇ! ಸುಮಾರು ಇಪ್ಪತ್ತು ನಿಮಿಷ ಅದು ನನ್ನೊಬ್ಬನದೇ ಆಗಿತ್ತು. ಕ್ಯಾಮೆರಾ ನೀರಿಗೆ ತಾಗುವಷ್ಟು ಕೆಳಗಿಟ್ಟೆ. ಯಾವ ಕಿಂಡಿ, ಯಾವ ಕೋನ ಅನ್ನುವುದನ್ನು ಮಾತ್ರ ಹೇಳಲ್ಲ. ಇನ್ನೊಮ್ಮೆ ಹೋಗುವುದಿದೆ.

ನಲವತ್ತು ಫ್ರೇಮಿನಲ್ಲಿ ಎರಡು ಉಳಿದವು. ಬಸಿಲಿಕಾಗೆ ಈಗ ಸುತ್ತಿರುವ ಗಾಜಿನ ತಡೆಗೋಡೆಯೂ ಚಿತ್ರದಲ್ಲಿದೆ. ಅದನ್ನು ಅಳಿಸು ಅಂತ ಗೆಳೆಯರು ಅಂದರು. ಅಳಿಸಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಮ್ಮನ ಕೋಣೆಯಲ್ಲಿ ತೂಗುಹಾಕಿದ್ದೇನೆ.