ಸಂಕ್ರಾಂತಿಗೆ ಸಕ್ಕರೆ ಅಚ್ಚು: ಮುರಿಯದಂತೆ ಬಿಡಿಸುವುದು ಹೇಗೆ?

ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ. ಒಣ ಮರ ಪಾಕವನ್ನು ಹೀರಿಕೊಂಡು, ಆನೆಯ ಸೊಂಡಿಲು, ನವಿಲಿನ ಕತ್ತು ಅಚ್ಚಿನಲ್ಲೇ ಅಂಟಿ ಉಳಿಯುತ್ತವೆ. ಬೆಳಿಗ್ಗೆ ನೀರು ಒರೆಸಿ, ಜೋಡಿ ಕೂಡಿಸಿ, ಸಂದಿ ಬಿಡದಂತೆ ರಬ್ಬರ್ ಬ್ಯಾಂಡ್ ಹಾಕಿ.

ಅರ್ಧ ಕೆಜಿ ಸಕ್ಕರೆಗೆ ಸುಮಾರು 200 ಮಿಲಿ ನೀರು. ಕುದಿ ಬಂದಾಗ 2 ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೇಳುತ್ತದೆ. ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ. ನಿಂಬೆರಸ ಹಾಕುವವರೂ ಇದ್ದಾರೆ, ಆದರೆ ನಾಲ್ಕೈದು ಹನಿ ಮೀರಬೇಡಿ: ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ.

ಮುಖ್ಯ ಕೆಲಸ ಮುಂದಿನದು. ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಅರ್ಧ ಲೋಟದಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ಹಾಕಿ, ಎರಡೆಳೆ ಪಾಕ (ಬೆರಳುಗಳ ನಡುವೆ ಹಿಡಿದು ಎಳೆದರೆ ಎರಡು ಎಳೆ ಕಾಣುವ ಹದ) ಬರುವವರೆಗೆ ಕುದಿಸಿ, ಒಲೆಯಿಂದಿಳಿಸಿ ಬಿಡದೆ ತಿರುವಿ. ಅಂಚು ಬೆಳ್ಳಗಾಗಿ ಪಾಕ ಮಬ್ಬಾದ ಕ್ಷಣವೇ ಅಚ್ಚಿಗೆ ಸುರಿಯಿರಿ. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಚೂರು ನೀರು ಹಾಕಿ ಮತ್ತೆ ಕರಗಿಸಿದರಾಯಿತು, ಏನೂ ನಷ್ಟವಿಲ್ಲ. ಬೇಗ ಸುರಿದರೆ ಒಳಗೆ ಅಂಟಂಟಾಗಿ, ಬಿಡಿಸುವಾಗ ಮುರಿಯುತ್ತದೆ.

ಹತ್ತು ಹದಿನೈದು ನಿಮಿಷ ಬಿಟ್ಟು, ಮರ ತಣ್ಣಗಾದ ಮೇಲೆ ಮೆಲ್ಲಗೆ ತಟ್ಟಿ ಬಿಡಿಸಿ. ಮಕ್ಕಳ ಕೈ ದೂರವಿರಲಿ, ಪಾಕ ಕುದಿನೀರಿಗಿಂತ ಬಿಸಿ. ಬಿಡಿಸಿದ್ದನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿ.