ಬೀರು ಸರಿಸಿದಾಗ ಕಂಡದ್ದು

ರೂಮಲ್ಲಿ ಮುಗ್ಗಲು ವಾಸನೆ ಅಂತ ಅಮ್ಮ ಎರಡು ವಾರದಿಂದ ಹೇಳ್ತಾನೇ ಇದ್ದರು. ಮಳೆಗಾಲ ಅಲ್ವಾ, ಬಟ್ಟೆ ಒಣಗಿಲ್ಲ ಅಂತ ನಾನು ತಳ್ಳಿಹಾಕಿದ್ದೆ. ಕೊನೆಗೆ ಬೀರು ಸರಿಸಿ ನೋಡಿದರೆ, ನೆಲದಿಂದ ಒಂದು ಗೇಣು ಮೇಲಿನವರೆಗೆ ಪೇಂಟು ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದೆ, ಉಪ್ಪಿನಂಥ ಬಿಳಿ ಪುಡಿ ಉದುರಿತು. ಗಾರೆಯೊಳಗಿನ ಲವಣವನ್ನು ನೀರು ಕರಗಿಸಿ ಹೊರಗೆ ತರುತ್ತೆ. ನೀರು ಆರುತ್ತೆ, ಲವಣ ಉಳಿಯುತ್ತೆ.

ತೇವ ಎಲ್ಲಿಂದ ಅಂತ ತಿಳಿಯದೆ ಪುಟ್ಟಿ ಹಚ್ಚಿಸಿದ್ದರೆ ದುಡ್ಡು ದಂಡ ಆಗ್ತಿತ್ತು. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಗೋಡೆ ಕಡೆಯ ಮೈಯಲ್ಲೇ ಹನಿ. ಅಂದರೆ ತೇವ ಬರ್ತಿರೋದು ಗಾಳಿಯಿಂದಲ್ಲ, ಗೋಡೆಯೊಳಗಿಂದ.

ಆಚೆ ಬದಿ ಬಚ್ಚಲು. ರಾತ್ರಿ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಟ್ಯಾಂಕಿಗೆ ಕೋಲು ಅದ್ದಿ ಗುರುತು ಹಾಕಿದೆ. ಫ್ಲಶ್ ಕೂಡ ಒತ್ತುವ ಹಾಗಿಲ್ಲ. ಅಪ್ಪನನ್ನು ಒಪ್ಪಿಸಿದ್ದೇ ದೊಡ್ಡ ಕೆಲಸ. ಬೆಳಿಗ್ಗೆ ನೀರು ಎರಡು ಬೆರಳು ಇಳಿದಿತ್ತು. ಮಾರನೇ ರಾತ್ರಿ ಗೀಸರ್‌ಗೆ ಹೋಗುವ ವಾಲ್ವ್ ಬಂದ್ ಮಾಡಿ ಅಳೆದೆ. ಇಳಿಯಲಿಲ್ಲ!

ಪ್ಲಂಬರ್ ಎರಡೇ ಟೈಲ್ಸ್ ಒಡೆದರು. ಬಿಸಿನೀರಿನ ಪೈಪು ತಿರುಗುವ ಕಡೆ ಹಾಕುವ ಜೋಡಣೆ, ಅಂದರೆ ಎಲ್ಬೋದಲ್ಲಿ ಕೂದಲೆಳೆಯಷ್ಟು ಬಿರುಕು. ಬದಲಿಸಿ, ಸಡಿಲವಾದ ಗಾರೆ ಕೆರೆದು, ಗೋಡೆಯನ್ನು ಒಂದು ತಿಂಗಳು ಹಾಗೇ ಒಣಗಲು ಬಿಟ್ಟೆವು. ಮತ್ತೆ ಪ್ಲಾಸ್ಟಿಕ್ ಅಂಟಿಸಿ ನೋಡಿದೆ, ಹನಿ ಇಲ್ಲ. ಆಮೇಲೇ ಪೇಂಟು. ಬೀರು ಈಗ ಗೋಡೆಯಿಂದ ನಾಲ್ಕು ಬೆರಳು ದೂರ ನಿಂತಿದೆ.