ಶುಗರ್ ಇದೆಯಾ? ಸಿಸ್ಟರ್ ಹತ್ತಿರ ಹೀಗೆ ಕಲಿಯಿರಿ

ಔಷಧ ಬರೆದುಕೊಡುವವರು ಡಾಕ್ಟರ್. ಅದನ್ನು ಮನೆಯಲ್ಲಿ ಸರಿಯಾಗಿ ತಗೊಳ್ಳುವುದು ಹೇಗೆಂದು ಕೈಹಿಡಿದು ಕಲಿಸುವವರು ನರ್ಸ್. ಹುಬ್ಬಳ್ಳಿ, ಧಾರವಾಡದ ಯಾವುದೇ ಆಸ್ಪತ್ರೆಗೆ ಹೋಗಿ, ಚೀಟಿ ಹಿಡಿದು ಸೀದಾ ಔಷಧದ ಅಂಗಡಿಗೆ ಓಡಬೇಡಿ. ಸಿಸ್ಟರ್ ಹತ್ತಿರ ಹತ್ತು ನಿಮಿಷ ಕೇಳಿ ಪಡೆಯಿರಿ.

ಮೊದಲು ಚೀಲ ತುಂಬಿಕೊಳ್ಳಿ. ಶುಗರ್ ಮೀಟರ್, ಇನ್ಸುಲಿನ್ ಬಾಟಲಿ, ಸಿರಿಂಜ್, ಗುಳಿಗೆ ಎಲ್ಲವೂ ಬರಲಿ. ಅಡುಗೆ ಮಾಡುವವರೂ ಜೊತೆಗಿರಲಿ. ಜೋಳದ ರೊಟ್ಟಿ ಎಷ್ಟು, ಅನ್ನ ಎಷ್ಟು ಎಂಬುದು ಅವರ ಕಿವಿಗೂ ಬೀಳಬೇಕಲ್ವಾ?

ಸಿಸ್ಟರ್ ಹೇಳಿದ್ದಕ್ಕೆ ಸುಮ್ನೆ ತಲೆಯಾಡಿಸಬೇಡಿ. "ನಾನ ಮಾಡಿ ತೋರಸ್ತೀನ್ರೀ, ತಪ್ಪಿದ್ರ ಹೇಳ್ರಿ" ಎನ್ನಿ. ನನ್ನ ಪ್ರಕಾರ ಇಡೀ ಕಲಿಕೆಯಲ್ಲಿ ಮುಖ್ಯವಾದದ್ದು ಇದೇ. ಬೆರಳು ಚುಚ್ಚುವ ಮುನ್ನ ಕೈ ತೊಳೆದು ಒರೆಸಿಕೊಳ್ಳಿ. ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿದರೆ ಮೀಟರ್ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಇನ್ಸುಲಿನ್ ವಿಷಯದಲ್ಲಿ ಅವಸರ ಬೇಡವೇ ಬೇಡ. ಬಾಟಲಿಯ ಮೇಲೆ 40 ಎಂದಿದೆಯೋ 100 ಎಂದಿದೆಯೋ (ಒಂದು ಎಂ.ಎಲ್.ನಲ್ಲಿ ಎಷ್ಟು ಯೂನಿಟ್ ಔಷಧ ಎಂಬ ಲೆಕ್ಕ ಅದು) ಓದಿಸಿಕೊಳ್ಳಿ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಗೆರೆ ಸರಿಯಿದ್ದರೂ ಔಷಧ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗುತ್ತದೆ. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್! ಜೀವಕ್ಕೇ ಅಪಾಯ. ಹೊಟ್ಟೆಗೆ ಚುಚ್ಚುವಾಗ ಹೊಕ್ಕಳಿನಿಂದ ಎರಡು ಬೆರಳು ದೂರವಿರಲಿ, ದಿನಾ ಜಾಗ ಬದಲಿಸಿ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ. ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿಡಿ, ಐಸ್ ಕಟ್ಟುವ ಖಾನೆಯಲ್ಲಿ ಬೇಡ.

ಬೆವರು, ನಡುಕ, ತಲೆಸುತ್ತು ಬಂದರೆ ಮೀಟರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಧಾರವಾಡ ಪೇಢೆ ಮನೆಯಲ್ಲೇ ಇದ್ದರೂ ಆಗ ಅದು ಬೇಡ. ಹಾಲಿನ ಕೊಬ್ಬು ಇರುವುದರಿಂದ ಅದರ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಇದನ್ನು ಮನೆಮಂದಿಗೂ ಸಿಸ್ಟರ್ ಬಾಯಿಂದಲೇ ಹೇಳಿಸಿ.

ಕೊನೆಗೆ ಚಪ್ಪಲಿ ಕಳಚಿ ಪಾದ ತೋರಿಸಿ. ನಾಚಿಕೆ ಬೇಡ. ಶುಗರ್‌ನಿಂದ ಪಾದ ಮರಗಟ್ಟಿದ್ದರೆ, ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗದಿರಬಹುದು. ಬೆರಳ ಸಂದಿ ಹೇಗೆ ನೋಡಬೇಕು, ಉಗುರು ಹೇಗೆ ಕತ್ತರಿಸಬೇಕು ಕೇಳಿ. ಗಾಯ ಕಂಡರೆ ಅರಿಶಿನ ಹಚ್ಚಿ ವಾರ ಕಾಯಬೇಡಿ, ಅವತ್ತೇ ತೋರಿಸಿ.